ಬೇಸಿಗೆಗೆ ದಪ್ಪ ಆಯಿಲ್ ಹಾಕಬೇಕಾ?

ಪ್ರಶ್ನೆ: ನಮ್ಮದು ಸಿಂಧನೂರು. ಎರಡು ಲಾರಿ ಇಟ್ಟಿದ್ದೇನೆ. ಒಂದು 2012ರ ಹತ್ತು ಚಕ್ರದ ಗಾಡಿ, ಬಿಎಸ್3 ಹೊಗೆ ನಿಯಮದ್ದು, ಏಳು ಲಕ್ಷ ಕಿಲೋಮೀಟರ್ ದಾಟಿದೆ. ಇನ್ನೊಂದು 2022ರ ಬಿಎಸ್6. ಎರಡೂ ರೈಸ್ ಮಿಲ್ಲಿನಲ್ಲಿ ಅಕ್ಕಿ ತುಂಬಿಕೊಂಡು ಮಂಗಳೂರಿಗೆ ಹೋಗುತ್ತವೆ. ಹಳೆ ಗಾಡಿ ಈಗೀಗ ಆಯಿಲ್ ಕುಡಿಯುತ್ತಿದೆ. ಹೋಗಿ ಬರುವಷ್ಟರಲ್ಲಿ ಎರಡು ಲೀಟರ್ ಹಾಕಬೇಕು. ನಮ್ಮ ಮೇಸ್ತ್ರಿ, "ಬೇಸಿಗೆ ಬಂತು, 15ಡಬ್ಲ್ಯೂ-40 ಬಿಡಿ. 20ಡಬ್ಲ್ಯೂ-50 ಒಂದು ಬ್ಯಾರಲ್ ತಂದು ಎರಡಕ್ಕೂ ಅದನ್ನೇ ಹಾಕಿ" ಅನ್ನುತ್ತಾರೆ. ಆಯಿಲ್ ಅಂಗಡಿಯವರು, "ಹೊಸ ಗಾಡಿಗೆ 10ಡಬ್ಲ್ಯೂ-30 ಹಾಕಿ, ಆವರೇಜ್ ಜಾಸ್ತಿ ಬರುತ್ತೆ" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಎರಡು ಗಾಡಿಗೂ 20ಡಬ್ಲ್ಯೂ-50 ಬೇಡ. ಹಳೆಯದಕ್ಕೆ ಈಗ ಹಾಕುತ್ತಿರುವ 15ಡಬ್ಲ್ಯೂ-40 ಸರಿಯಾಗಿಯೇ ಇದೆ. ಹೊಸದಕ್ಕೆ ಅದರ ಪುಸ್ತಕದಲ್ಲಿ ಏನಿದೆಯೋ ಅದು. ಅಂಗಡಿಯವರ ಮಾತಲ್ಲಿ ಅರ್ಧ ನಿಜ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಗ್ರೇಡಿನ ಮೇಲಲ್ಲ, ಆ ಎರಡು ಲೀಟರಿನ ಮೇಲೆ.

ಡಬ್ಬದ ಮೇಲಿನ ನಂಬರಿನಿಂದ ಶುರು ಮಾಡೋಣ. 15, 40 ಅನ್ನುವುದು ಆಯಿಲಿನ ತೂಕವೂ ಅಲ್ಲ, ಶಕ್ತಿಯೂ ಅಲ್ಲ. ಆಯಿಲ್ ಎಷ್ಟು ಮಂದವಾಗಿ ಹರಿಯುತ್ತದೆ ಅನ್ನುವುದಕ್ಕೆ ಎಸ್‌ಎಇ ಅನ್ನುವ ಸಂಸ್ಥೆ ಇಟ್ಟಿರುವ ದರ್ಜೆ ಅದು. ಮೊದಲ ನಂಬರಿನ ಪಕ್ಕ ಇರುವ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದು ಎಂಥ ಚಳಿ ಗೊತ್ತಾ? 15ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 20 ಮತ್ತು 25 ಡಿಗ್ರಿ ಕೆಳಗೆ ತಣ್ಣಗೆ ಮಾಡಿ ಪರೀಕ್ಷೆ ಮಾಡುತ್ತಾರೆ. 20ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 15 ಮತ್ತು 20 ಡಿಗ್ರಿ ಕೆಳಗೆ. ಆ ಚಳಿಯಲ್ಲಿ ಇಂಜಿನ್ ತಿರುಗುತ್ತದಾ, ಪಂಪು ಆಯಿಲನ್ನು ಎಳೆಯುತ್ತದಾ ಅಂತ ನೋಡುವ ಪರೀಕ್ಷೆ ಇದು. ನಮ್ಮ ಬೀದರಿನ ಡಿಸೆಂಬರ್ ಬೆಳಗೂ ಅದರ ಹತ್ತಿರ ಸುಳಿಯುವುದಿಲ್ಲ. ಗಾಡಿ ಲೇಹ್ ಕಡೆ ಲೋಡು ಒಯ್ಯುವುದಾದರೆ ಈ ಮೊದಲ ನಂಬರು ದೊಡ್ಡ ವಿಷಯ. ಸಿಂಧನೂರು–ಮಂಗಳೂರು ಓಡುವ ಗಾಡಿಗೆ ಅಷ್ಟಾಗಿ ಅಲ್ಲ.

ನಮಗೆ ಮುಖ್ಯವಾದದ್ದು ಎರಡನೇ ನಂಬರು. ಅದನ್ನು ಅಳೆಯುವುದು 100 ಡಿಗ್ರಿಯಲ್ಲಿ, ಅಂದರೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲಿನ ಲೆಕ್ಕ. ಅಳತೆಯ ಹೆಸರು ಸೆಂಟಿಸ್ಟೋಕ್. ಅದು ಜಾಸ್ತಿ ಇದ್ದಷ್ಟೂ ಆಯಿಲ್ ಮಂದ. 30 ಗ್ರೇಡ್ ಅಂದರೆ 9.3ರಿಂದ 12.5ರೊಳಗೆ, 40 ಗ್ರೇಡ್ ಅಂದರೆ 12.5ರಿಂದ 16.3ರೊಳಗೆ, 50 ಗ್ರೇಡ್ ಅಂದರೆ 16.3ರಿಂದ 21.9ರೊಳಗೆ. ಗ್ಯಾರೇಜಿನ ಹುಡುಗರು ಕೆಲವರು ಗೇರ್ ಬಾಕ್ಸಿನ 90 ನಂಬರ್ ಆಯಿಲ್ ಇಂಜಿನ್ನಿನ 40ಕ್ಕಿಂತ ಎರಡು ಪಟ್ಟು ದಪ್ಪ ಅಂದುಕೊಂಡಿರುತ್ತಾರೆ. ಗೇರ್ ಆಯಿಲಿಗೆ ಎಸ್‌ಎಇಯದೇ ಬೇರೆ ಪಟ್ಟಿ ಇದೆ. ಅದರಲ್ಲಿ 90 ಅಂದರೆ 13.5ರಿಂದ 18.5ರೊಳಗೆ. ಅಂದರೆ ಹೆಚ್ಚುಕಡಿಮೆ ಇಂಜಿನ್ನಿನ 40, 50ರಷ್ಟೇ ಮಂದ. ನಂಬರಿನ ಗಾತ್ರ ನೋಡಿ ಆಯಿಲ್ ತೂಗಬಾರದು ಅಂತ ಈ ಮಾತು ಹೇಳಿದೆ.

ಈಗ ಬೇಸಿಗೆಯ ವಿಷಯ. ನಿಮ್ಮ ಕಡೆ ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲು. ರಸ್ತೆಯ ಟಾರೇ ಮೆತ್ತಗಾಗುತ್ತದೆ, ಆಯಿಲ್ ನೀರಾಗದೇ ಇರುತ್ತದಾ ಅನ್ನುವುದು ಮೇಸ್ತ್ರಿಯ ಲೆಕ್ಕ. ಸಹಜವಾದ ಲೆಕ್ಕವೇ. ಆದರೆ ಆಯಿಲಿಗೆ ಬಿಸಿಲು ತಾಗುವುದಿಲ್ಲ, ಇಂಜಿನ್ನಿನ ಬೆಂಕಿ ತಾಗುತ್ತದೆ. ಲಾರಿ ಇಂಜಿನ್ನಿನ ಥರ್ಮೋಸ್ಟಾಟ್ ಸುಮಾರು 80 ಡಿಗ್ರಿ ಆಸುಪಾಸಿನಲ್ಲಿ ತೆರೆಯಲು ಶುರುವಾಗುತ್ತದೆ. ಅಲ್ಲಿಂದ ಮುಂದೆ ರೇಡಿಯೇಟರ್ ನೀರನ್ನು ಒಂದು ಮಟ್ಟದಲ್ಲಿ ಹಿಡಿದಿಡುತ್ತದೆ. ಲೋಡಿನಲ್ಲಿ ಓಡುವಾಗ ಚೇಂಬರಿನ, ಅಂದರೆ ಇಂಜಿನ್ನಿನ ಅಡಿಯ ತೊಟ್ಟಿಯ ಆಯಿಲ್ 100 ಡಿಗ್ರಿ ಅಕ್ಕಪಕ್ಕ ಇರುತ್ತದೆ. ಜನವರಿಯಲ್ಲೂ ಅಷ್ಟೇ, ಮೇ ತಿಂಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಶಿರಾಡಿ ಘಾಟಿಯನ್ನು ತುಂಬಿದ ಗಾಡಿ ಮಳೆಗಾಲದಲ್ಲಿ ಹತ್ತಿದರೂ, ಸಿಂಧನೂರಿನ ಸಮತಟ್ಟು ರಸ್ತೆಯಲ್ಲಿ ಬೇಸಿಗೆಯ ಮಧ್ಯಾಹ್ನ ಓಡಿದ್ದಕ್ಕಿಂತ ಆಯಿಲ್ ಜಾಸ್ತಿ ಕಾಯುತ್ತದೆ. ಬೇಸಿಗೆಯಲ್ಲಿ ನಿಜವಾಗಿಯೂ ಟೆಂಪರೇಚರ್ ಮುಳ್ಳು ಮೇಲೇರುತ್ತಿದ್ದರೆ ಗ್ರೇಡ್ ಬದಲಿಸಬೇಡಿ. ರೇಡಿಯೇಟರಿನ ಮುಂದೆ ಕೂತು ನೋಡಿ. ಮಿಲ್ಲಿಗೆ ಹೋಗುವ ಗಾಡಿಗಳ ರೇಡಿಯೇಟರ್ ಸಂದಿಯಲ್ಲಿ ಭತ್ತದ ಹೊಟ್ಟು ತುಂಬಿಕೊಂಡು ಗಾಳಿಯೇ ಆಡುವುದಿಲ್ಲ. ಅದನ್ನು ತೊಳೆಸಿ, ಫ್ಯಾನ್ ಬೆಲ್ಟ್ ನೋಡಿ. ಮುಳ್ಳು ಕೆಳಗಿಳಿಯುತ್ತದೆ.

ಹಾಗಾದರೆ ಬೇಸಿಗೆಗೆ ದಪ್ಪ ಆಯಿಲ್ ಅನ್ನುವ ಮಾತು ಎಲ್ಲಿಂದ ಬಂತು? ಅದು ಸುಳ್ಳು ಮಾತಲ್ಲ, ಹಳೆ ಕಾಲದ ನಿಜ. ಮೊದಲೆಲ್ಲ ಲಾರಿಗಳಿಗೆ ಒಂದೇ ನಂಬರಿನ ಆಯಿಲ್ ಇತ್ತು, 30 ಅಥವಾ 40. ಚಳಿಗಾಲದ ಬೆಳಗ್ಗೆ 40 ನಂಬರ್ ಆಯಿಲ್ ಬೆಲ್ಲದ ಪಾಕದ ಹಾಗೆ ಕೂತಿರುತ್ತಿತ್ತು. ಸೆಲ್ಫ್ ಹೊಡೆದರೆ ಇಂಜಿನ್ ಮುಲುಕುತ್ತಿತ್ತು. ಅದಕ್ಕೇ ಚಳಿಗೆ ಒಂದು, ಬೇಸಿಗೆಗೆ ಒಂದು ಅಂತ ಬದಲಿಸುತ್ತಿದ್ದರು. ಎರಡು ನಂಬರಿನ ಮಲ್ಟಿಗ್ರೇಡ್ ಆಯಿಲ್ ಬಂದಿದ್ದೇ ಆ ಬದಲಾವಣೆ ತಪ್ಪಿಸುವುದಕ್ಕೆ. ಅದರಲ್ಲಿ ಬೆರೆಸಿರುವ ಪಾಲಿಮರ್ ಆಯಿಲ್ ಬಿಸಿಯಾದಾಗ ತೀರಾ ನೀರಾಗದಂತೆ ತಡೆಯುತ್ತದೆ. ಆಯಿಲ್ ಬದಲಾಯಿತು, ಮಾತು ಹಾಗೇ ಉಳಿಯಿತು.

ದಪ್ಪ ಇದ್ದರೆ ತಪ್ಪೇನು, ಹೆಚ್ಚು ರಕ್ಷಣೆ ತಾನೇ ಅಂತ ನೀವು ಕೇಳಬಹುದು. ನಿಮ್ಮ ಅಡುಗೆಮನೆಯ ಶೇಂಗಾ ಎಣ್ಣೆ ನೆನಪು ಮಾಡಿಕೊಳ್ಳಿ. ಬಿಸಿ ಇಂಜಿನ್ನಿನಲ್ಲಿರುವ 15ಡಬ್ಲ್ಯೂ-40 ಆ ತಣ್ಣನೆಯ ಶೇಂಗಾ ಎಣ್ಣೆಗಿಂತ ತೆಳ್ಳಗಿರುತ್ತದೆ, ಸುಮಾರು 14 ಸೆಂಟಿಸ್ಟೋಕ್. ಇಂಜಿನ್ ಮಾಡಿದವರು ಬೇರಿಂಗಿನ ಸಂದು ಇಟ್ಟಿರುವುದೇ ಆ ತೆಳುವಿಗೆ. ಅದೇ ಆಯಿಲ್ 40 ಡಿಗ್ರಿಯಲ್ಲಿ 110ರ ಹತ್ತಿರ ಇರುತ್ತದೆ. ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ಇನ್ನೂ ಜಾಸ್ತಿ. ಅಂದರೆ ನಮ್ಮ ಸೆಕೆಯ ಊರಲ್ಲೂ ಸ್ಟಾರ್ಟ್ ಮಾಡುವ ಹೊತ್ತಿಗೆ ಆಯಿಲ್ ಬೇಕಾದ್ದಕ್ಕಿಂತ ಹತ್ತು ಪಟ್ಟು ಮಂದ. ಇಂಜಿನ್ ಸವೆಯುವುದರಲ್ಲಿ ಈ ಹೊತ್ತಿನ ಪಾಲು ದೊಡ್ಡದು. ಆಯಿಲ್ ಪಂಪಿನಿಂದ ಹೊರಟು, ಫಿಲ್ಟರ್ ದಾಟಿ, ಕ್ರ್ಯಾಂಕ್ ಬೇರಿಂಗಿಗೆ, ಕ್ಯಾಮ್‌ಗೆ, ಕೊನೆಗೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊಗೆ ತಲುಪಬೇಕು. ಟರ್ಬೊ ಲೋಡಿನಲ್ಲಿ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸು ತಿರುಗುವ ಸಾಮಾನು. ಅದರ ಬೇರಿಂಗ್ ಆಯಿಲಿನ ಮೇಲೆ ತೇಲುತ್ತಿರುತ್ತದೆ. 20ಡಬ್ಲ್ಯೂ-50 ಹಾಕಿದರೆ ಈ ದಾರಿಯೆಲ್ಲ ಇನ್ನಷ್ಟು ನಿಧಾನ. ತಣ್ಣಗಿರುವ ದಪ್ಪ ಆಯಿಲ್ ಫಿಲ್ಟರ್ ಕಾಗದದಲ್ಲಿ ನುಗ್ಗಲಾರದೆ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ. ಆಗ ಸೋಸದ ಆಯಿಲೇ ಬೇರಿಂಗಿಗೆ ಹೋಗುತ್ತದೆ. ಡ್ರೈವರಿಗೆ ಒಂದು ಮಾತು ಹೇಳಿಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಕೊಡುವುದು ಬೇಡ. ಘಾಟಿ ಹತ್ತಿ ಬಂದು ಟೀಗೆ ನಿಲ್ಲಿಸಿದಾಗ ತಕ್ಷಣ ಬಂದ್ ಮಾಡುವುದೂ ಬೇಡ. ಎರಡು ಮೂರು ನಿಮಿಷ ಸುಮ್ನೆ ಐಡಲ್‌ನಲ್ಲಿ ಬಿಟ್ಟರೆ ಟರ್ಬೊ ತಣ್ಣಗಾಗುತ್ತದೆ. ಗ್ರೇಡ್ ಬದಲಿಸಿ ಸಿಗುವುದಕ್ಕಿಂತ ಜಾಸ್ತಿ ಆಯುಷ್ಯ ಇದರಿಂದ ಸಿಗುತ್ತದೆ.

ದಪ್ಪ ಆಯಿಲ್ ಹಾಕಿದ ಮೇಲೆ ಪ್ರೆಷರ್ ಗೇಜಿನ ಮುಳ್ಳು ಮೇಲೆ ನಿಲ್ಲುತ್ತದೆ. ಅದನ್ನು ನೋಡಿ ಎಲ್ಲರಿಗೂ ಸಮಾಧಾನ. ಈ ಸಮಾಧಾನವೇ ಮೋಸ ಮಾಡುವುದು. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಪೈಪಿನೊಳಗೆ ಒತ್ತಡ ಜಾಸ್ತಿ ಆಗುತ್ತದೆ. ಗಿಡಕ್ಕೆ ಹೋಗುವ ನೀರು? ಕಮ್ಮಿಯೇ. ಪ್ರೆಷರ್ ಅಂದರೆ ಆಯಿಲ್ ಹರಿಯಲು ಎಷ್ಟು ತಡೆ ಇದೆ ಅನ್ನುವ ಗುರುತು. ಬೇರಿಂಗನ್ನು ತಂಪಾಗಿಡುವುದು, ಪಿಸ್ಟನ್ನಿನ ಅಡಿಗೆ ಜೆಟ್ಟಿನಲ್ಲಿ ಚಿಮ್ಮಿ ಅದರ ಶಾಖ ಎಳೆದುಕೊಳ್ಳುವುದು ಹರಿವಿನ ಕೆಲಸ. ಪ್ರೆಷರ್ ಮಿತಿ ಮೀರಿದಾಗ ರಿಲೀಫ್ ವಾಲ್ವ್ ತೆರೆದು, ಮಿಕ್ಕ ಆಯಿಲ್ ಬೇರಿಂಗಿನ ಮುಖವನ್ನೇ ನೋಡದೆ ಚೇಂಬರಿಗೆ ವಾಪಸ್ ಬೀಳುತ್ತದೆ.

ಇನ್ನೊಂದು ಲೆಕ್ಕವೂ ತಿಳಿದಿರಲಿ. ಕ್ರ್ಯಾಂಕು ಮತ್ತು ಬೇರಿಂಗ್ ನಡುವೆ ನಿಜವಾಗಿ ಉಳಿಯುವುದು ತಲೆಕೂದಲಿನ ಹತ್ತನೇ ಒಂದು ಪಾಲೂ ಇರದ ಆಯಿಲ್ ಪದರ. ಆ ಇಕ್ಕಟ್ಟಿನಲ್ಲಿ, ಆ ಬಿಸಿಯಲ್ಲಿ ಪದರ ಕಿತ್ತುಹೋಗದೆ ನಿಲ್ಲುತ್ತದಾ ಅಂತ 150 ಡಿಗ್ರಿಯಲ್ಲಿ ಬೇರೆಯೇ ಒಂದು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ 15ಡಬ್ಲ್ಯೂ-40 ಆಯಿಲ್ ಕನಿಷ್ಠ 3.7 ಸೆಂಟಿಪಾಯ್ಸ್ ಇರಬೇಕು, ಇದೂ ಆಯಿಲ್ ಎಷ್ಟು ಮಂದ ಅನ್ನುವ ಅಳತೆಯೇ. 20ಡಬ್ಲ್ಯೂ-50ಕ್ಕೆ ಕನಿಷ್ಠ ಎಷ್ಟು? ಅದೂ 3.7 ಮಾತ್ರ. 50 ಗ್ರೇಡಿನ ಒಳ್ಳೆ ಆಯಿಲ್ ಸಾಮಾನ್ಯವಾಗಿ ಇದಕ್ಕಿಂತ ಮೇಲೇ ಇರುತ್ತದೆ ಅನ್ನುವುದು ನಿಜ. ಆದರೆ 15ಡಬ್ಲ್ಯೂ-40 ದುರ್ಬಲ ಆಯಿಲ್ ಅನ್ನುವ ಭಯ ಬೇಡ. ಭಾರದ ಗಾಡಿಗಳ ಇಂಜಿನ್‌ಗಳು ಇಷ್ಟು ವರ್ಷ ಅದರ ಮೇಲೆಯೇ ಓಡಿವೆ.

ಈಗ ಹೊಸ ಗಾಡಿಗೆ ಬರೋಣ. ಇಲ್ಲಿ ಗ್ರೇಡಿಗಿಂತ ಮೊದಲು ನೋಡಬೇಕಾದ್ದು ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿರುವ ಎಪಿಐ ದರ್ಜೆ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಇಟ್ಟಿರುವ ಗುಣಮಟ್ಟದ ಗುರುತು. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಗಾಡಿಗೆ, ಸಿ ಅಕ್ಷರದಿಂದ ಶುರುವಾದರೆ ಡೀಸೆಲ್‌ಗೆ. ಡೀಸೆಲ್ ಸಾಲಿನಲ್ಲಿ ಸಿಎಚ್-4 ಬಂದದ್ದು 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಕೊನೆಗೆ. ಅಕ್ಷರ ಮುಂದೆ ಹೋದಷ್ಟೂ ಆಯಿಲ್ ಹೊಸ ಕಾಲದ್ದು.

2020ರ ಏಪ್ರಿಲ್ 1ರಿಂದ ಬಿಎಸ್6 ಬಂದಾಗ ಲಾರಿಗಳ ಸೈಲೆನ್ಸರ್ ಜಾಗಕ್ಕೆ ಒಂದು ಸಣ್ಣ ಕಾರ್ಖಾನೆಯೇ ಬಂದು ಕೂತಿತು. ಅದರಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಂಡು ಆಗಾಗ ಸುಡುತ್ತದೆ. ಮಸಿ ಸುಟ್ಟುಹೋಗುತ್ತದೆ. ಆದರೆ ಇಂಜಿನ್ನಿನಲ್ಲಿ ಆಯಿಲ್ ಸ್ವಲ್ಪ ಸುಟ್ಟಾಗ ಅದರಲ್ಲಿರುವ ಕ್ಯಾಲ್ಸಿಯಂ, ಜಿಂಕ್ ಥರದ ಲೋಹದ ಅಂಶಗಳು ಬೂದಿಯಾಗಿ ಅಲ್ಲೇ ಕೂರುತ್ತವೆ. ಒಲೆಯಲ್ಲಿ ಸೌದೆ ಉರಿದರೂ ಬೂದಿ ಉಳಿಯುತ್ತದಲ್ಲ, ಹಾಗೆ. ಆ ಬೂದಿಯನ್ನು ಮತ್ತೆ ಸುಡಲು ಬರುವುದಿಲ್ಲ. ಸಿಕೆ-4 ಆಯಿಲಿನಲ್ಲಿ ಈ ಬೂದಿ ನೂರಕ್ಕೆ 1 ಪಾಲು ದಾಟಬಾರದು ಅಂತ ಮಿತಿ ಇದೆ. ಸಿಐ-4ಕ್ಕೆ ಆ ಮಿತಿ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವ 20ಡಬ್ಲ್ಯೂ-50 ಹೆಚ್ಚಾಗಿ ಹಳೆ ದರ್ಜೆಯವು. ಮೇಸ್ತ್ರಿ ಹೇಳಿದ ಬ್ಯಾರಲನ್ನು ಹೊಸ ಗಾಡಿಗೆ ಹಾಕಿದರೆ ಇಂಜಿನ್ ಇವತ್ತು ನಾಳೆ ಏನೂ ಹೇಳುವುದಿಲ್ಲ. ಡಿಪಿಎಫ್ ಒಳಗೊಳಗೇ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಪಿಕಪ್ ಬೀಳುತ್ತದೆ, ದೀಪ ಉರಿಯುತ್ತದೆ, ಆಮೇಲೆ ಬರುವ ಬಿಲ್ಲು ಹತ್ತು ಸರ್ವಿಸಿನ ಆಯಿಲಿಗಿಂತ ದೊಡ್ಡದು.

ಅಂಗಡಿಯವರು ಹೇಳಿದ 10ಡಬ್ಲ್ಯೂ-30 ಬಗ್ಗೆ. ತೆಳು ಆಯಿಲ್ ತಿರುಗಿಸಲು ಇಂಜಿನ್ನಿಗೆ ಕಮ್ಮಿ ಶಕ್ತಿ ಸಾಕು, ಅದು ನಿಜ. 15ಡಬ್ಲ್ಯೂ-40ರಿಂದ 10ಡಬ್ಲ್ಯೂ-30ಕ್ಕೆ ಬಂದರೆ ಡೀಸೆಲ್ ಉಳಿತಾಯ ನೂರಕ್ಕೆ ಒಂದರ ಆಸುಪಾಸು. ತಿಂಗಳಿಗೆ 8,000 ಕಿಲೋಮೀಟರ್ ಓಡಿ, ಲೀಟರಿಗೆ 4 ಕೊಡುವ ಗಾಡಿ 2,000 ಲೀಟರ್ ಕುಡಿಯುತ್ತದೆ. ಅದರಲ್ಲಿ 20 ಲೀಟರ್ ಉಳಿದರೆ ಸಣ್ಣ ಮಾತಲ್ಲ. ಆದರೆ 10ಡಬ್ಲ್ಯೂ-30 ಅಂತ ಬರೆದ ಮೂರು ಬೇರೆ ಬೇರೆ ಆಯಿಲ್ ಅದೇ ಅಂಗಡಿಯ ಕಪಾಟಿನಲ್ಲಿ ಇರಬಹುದು. ಒಂದು ಸ್ಕೂಟರ್, ಬೈಕಿನದು. ಅದಕ್ಕೆ ಎಸ್ ದರ್ಜೆ. ಅದನ್ನು ಲಾರಿಗೆ ತೋರಿಸಲೂಬೇಡಿ. ಎರಡನೆಯದು ಸಿಕೆ-4 ದರ್ಜೆಯ 10ಡಬ್ಲ್ಯೂ-30. ಆ 150 ಡಿಗ್ರಿ ಪರೀಕ್ಷೆಯಲ್ಲಿ ಇದು 3.5ಕ್ಕಿಂತ ಕೆಳಗಿಳಿಯಬಾರದು, ಹಾಗಾಗಿ ಲಾರಿಗೆ ಗಟ್ಟಿಮುಟ್ಟಾದ ಆಯಿಲೇ. ಮೂರನೆಯದು ಎಫ್‌ಎ-4 ಅನ್ನುವ ದರ್ಜೆ. ಅದನ್ನು ಬೇಕಂತಲೇ ತೆಳ್ಳಗೆ, 2.9ರಿಂದ 3.2ರೊಳಗೆ ಮಾಡಿರುತ್ತಾರೆ. ಅದಕ್ಕಾಗಿಯೇ ಮಾಡಿದ ಇಂಜಿನ್‌ಗಳಿಗೆ ಮಾತ್ರ ಅದು. ನಿಮ್ಮ ಗಾಡಿಯ ಪುಸ್ತಕದ ಪಟ್ಟಿಯಲ್ಲಿ 10ಡಬ್ಲ್ಯೂ-30 ಮತ್ತು ಸಿಕೆ-4 ಎರಡೂ ಇದ್ದರೆ ಧೈರ್ಯವಾಗಿ ಹಾಕಿ. ಇಲ್ಲದಿದ್ದರೆ 20 ಲೀಟರ್ ಡೀಸೆಲಿನ ಆಸೆಗೆ ಇಂಜಿನ್ ಒಡ್ಡಬೇಡಿ. ಪುಸ್ತಕ ಕಳೆದುಹೋಗಿದ್ದರೆ ಚಾಸಿಸ್ ನಂಬರ್ ಕೊಟ್ಟು ಡೀಲರ್ ಹತ್ತಿರ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಒಂದೇ ಬ್ಯಾರಲ್ ತರುವ ಮಾತು ನನಗೂ ಇಷ್ಟವೇ. ಎರಡು ಥರದ ಡಬ್ಬ ಇದ್ದರೆ ರಾತ್ರಿ ಹೊತ್ತು ಕ್ಲೀನರ್ ಹುಡುಗ ಒಂದರ ಬದಲು ಇನ್ನೊಂದು ಸುರಿದುಬಿಡುತ್ತಾನೆ. ಹೊಸ ಗಾಡಿಯ ಪುಸ್ತಕ 15ಡಬ್ಲ್ಯೂ-40 ಸಿಕೆ-4 ಒಪ್ಪುವುದಾದರೆ ಎರಡಕ್ಕೂ ಅದನ್ನೇ ತನ್ನಿ. ಸಿಕೆ-4 ಆಯಿಲ್ ಹಿಂದಿನ ದರ್ಜೆ ಕೇಳುವ ಹಳೆ ಇಂಜಿನ್ನಿಗೂ ಆಗುತ್ತದೆ. ಈಗ ಬಂಕಿನಲ್ಲಿ ಸಿಗುವ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ. ಹಾಗಾಗಿ ಹಳೆ ಇಂಜಿನ್ನಿಗೆ ಬೂದಿ ಜಾಸ್ತಿ ಇರುವ ಆಯಿಲೇ ಬೇಕು ಅನ್ನುವ ಕಾಲವೂ ಹೋಯಿತು. ಸಿಐ-4ಕ್ಕಿಂತ ಸ್ವಲ್ಪ ದುಬಾರಿ ಬೀಳುತ್ತದೆ, ಅಷ್ಟೇ. ತಿರುಗುಮುರುಗು ಮಾತ್ರ ಮಾಡಬೇಡಿ. ಹಳೆಯದರ ಆಯಿಲ್ ಹೊಸದಕ್ಕೆ ಹೋಗಬಾರದು.

ದಾರಿಯಲ್ಲಿ ತೀರಾ ತುರ್ತಾಗಿ ಒಂದೆರಡು ಲೀಟರ್ ಬೇರೆ ಕಂಪನಿಯ ಆಯಿಲ್ ಬೆರೆಸಬೇಕಾಗಿ ಬಂದರೆ ಗಾಬರಿ ಬೇಡ. ಡೀಸೆಲ್ ದರ್ಜೆ ನೋಡಿ ಹಾಕಿ, ಬರೆದಿಡಿ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಹೊಸ ಗಾಡಿಯಲ್ಲಿ ಡ್ರೈವರ್ ಇನ್ನೊಂದು ಗಮನಿಸಬೇಕು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಮ್ಮಿ ಆಗಿದೆಯಾ ಅಂತ ಮಾತ್ರ ಅಲ್ಲ, ಜಾಸ್ತಿ ಆಗಿದೆಯಾ ಅಂತಲೂ ನೋಡಬೇಕು. ಮಸಿ ಸುಡಲು ಕೆಲವು ಇಂಜಿನ್‌ಗಳು ಸಿಲಿಂಡರಿಗೆ ಹೆಚ್ಚಿಗೆ ಡೀಸೆಲ್ ಬಿಡುತ್ತವೆ. ಡ್ರೈವರ್ ಮಧ್ಯದಲ್ಲೇ ಗಾಡಿ ಬಂದ್ ಮಾಡುತ್ತಾ ಹೋದರೆ ಅದು ಮತ್ತೆ ಮತ್ತೆ ಶುರುವಾಗುತ್ತದೆ. ಆ ಡೀಸೆಲಿನಲ್ಲಿ ಸ್ವಲ್ಪ ಲೈನರಿನ, ಅಂದರೆ ಪಿಸ್ಟನ್ ಆಡುವ ಕೊಳವೆಯ ಗೋಡೆಯಿಂದ ಇಳಿದು ಚೇಂಬರ್ ಸೇರುತ್ತದೆ. ನೀವು 40 ಗ್ರೇಡ್ ಹಾಕಿದ್ದರೂ ಒಳಗೆ ಅದು 30 ಆಗಿ ಕೂತಿರಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆಯಿರಿ. ಮೇಲಿನ ಗೆರೆ ದಾಟಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಆಯಿಲ್ ಇಳಿಸಬೇಕು.

ಡ್ರೈನ್ ಮಾಡುವ ಮೊದಲು ನಾನು ಯಾವಾಗಲೂ ಮಾಡುವ ಒಂದು ಸಣ್ಣ ಪರೀಕ್ಷೆ ಇದೆ. ಇಂಜಿನ್ ಬಿಸಿ ಇದ್ದಾಗ ಡಿಪ್‌ಸ್ಟಿಕ್ಕಿನಿಂದ ಒಂದು ಹನಿಯನ್ನು ಫಿಲ್ಟರ್ ಪೇಪರಿನ ಮೇಲೆ ಬೀಳಿಸಿ, ಒಂದು ರಾತ್ರಿ ಬಿಡುತ್ತೇನೆ. ಬೆಳಗ್ಗೆ ನೋಡಿದರೆ ಕಪ್ಪು ಬಣ್ಣ ನಡುವಿನಿಂದ ಅಂಚಿನವರೆಗೆ ಸಮವಾಗಿ ಹರಡಿದ್ದರೆ ಆಯಿಲ್ ಇನ್ನೂ ಮಸಿಯನ್ನು ಹೊತ್ತುಕೊಂಡು ಓಡಾಡುತ್ತಿದೆ ಅಂತ ಅರ್ಥ. ನಡುವೆ ಕಾಡಿಗೆಯ ಬೊಟ್ಟಿನ ಹಾಗೆ ದಟ್ಟ ಚುಕ್ಕೆ ನಿಂತು, ಸುತ್ತ ಬರೀ ಎಣ್ಣೆಯ ಉಂಗುರ ಇದ್ದರೆ ಅದರ ಕೆಲಸ ಮುಗಿದಿದೆ. ಆಯಿಲ್ ಕಪ್ಪಾದದ್ದೇ ಹಾಳಾದ ಗುರುತು ಅಂದುಕೊಳ್ಳಬೇಡಿ. ಡೀಸೆಲ್ ಇಂಜಿನ್ನಿನಲ್ಲಿ ಒಳ್ಳೆ ಆಯಿಲ್ ಬೇಗನೇ ಕಪ್ಪಾಗುತ್ತದೆ.

ಆಯಿಲ್ ತರುವಾಗ ಬಿಲ್ ಸಹಿತ ತನ್ನಿ, ಸೀಲ್ ನೋಡಿ ತನ್ನಿ. ಖಾಲಿ ಡಬ್ಬವನ್ನು ಹಾಗೇ ಗುಜರಿಗೆ ಕೊಡಬೇಡಿ. ಒಂದು ಮೊಳೆ ಹೊಡೆದು, ಲೇಬಲ್ ಕಿತ್ತು ಕೊಡಿ. ನೀವು ಎಸೆದ ಡಬ್ಬದಲ್ಲೇ ಸೋಸಿದ ಹಳೆ ಆಯಿಲ್ ತುಂಬಿ ಇನ್ನೊಬ್ಬ ಮಾಲೀಕನಿಗೆ ಮಾರುವವರು ಇದ್ದಾರೆ.

ಇನ್ನು ಆ ಎರಡು ಲೀಟರ್. ಸಿಂಧನೂರಿನಿಂದ ಮಂಗಳೂರಿಗೆ ಹೋಗಿ ಬಂದರೆ ಸುಮಾರು ಸಾವಿರ ಕಿಲೋಮೀಟರ್. ಹಳೆ ಗಾಡಿ ಅಷ್ಟಕ್ಕೆ 250 ಲೀಟರ್ ಡೀಸೆಲ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. ಅದಕ್ಕೆ ಎರಡು ಲೀಟರ್ ಅಂದರೆ 1,000 ಲೀಟರ್ ಡೀಸೆಲಿಗೆ ಎಂಟು ಲೀಟರ್ ಆಯಿಲ್. ಆರೋಗ್ಯವಾಗಿರುವ ಇಂಜಿನ್ ಒಂದೋ ಎರಡೋ ಕುಡಿಯುತ್ತದೆ. ಮೂರು ನಾಲ್ಕು ದಾಟಿದರೆ ನಾನು ಕಾರಣ ಹುಡುಕಲು ಶುರು ಮಾಡುತ್ತೇನೆ. ಎಂಟು ಅಂದರೆ ಇಂಜಿನ್ ಏನೋ ಹೇಳುತ್ತಿದೆ.

ಹಲವು ವರ್ಷದ ಹಿಂದೆ ಇಂಥದ್ದೇ ಒಂದು ಗಾಡಿ ನನ್ನ ಹತ್ತಿರ ಬಂದಿತ್ತು. ಅದೂ ಮಿಲ್ಲುಗಳಿಗೆ ಓಡುವ ಗಾಡಿ. ಆಯಿಲ್ ಕುಡಿಯುತ್ತದೆ, ಸೀಸನ್ ಮುಗಿಯುವವರೆಗೆ ಇಂಜಿನ್ ಬಿಚ್ಚಲು ಆಗುವುದಿಲ್ಲ ಅಂದರು ಮಾಲೀಕರು. 20ಡಬ್ಲ್ಯೂ-50 ಹಾಕಿ ಓಡಿಸಿ ಅಂತ ಹೇಳಿದ್ದು ನಾನೇ. ಕುಡಿಯುವುದು ಕಮ್ಮಿ ಆಯಿತು. ಪ್ರೆಷರ್ ಮುಳ್ಳು ಮೇಲೆ ನಿಂತಿತು. ಅವರು ಖುಷಿಯಾಗಿ ಓಡಿಸಿದರು. ಒಂದು ಸೀಸನ್ ಹೋಗಿ ಒಂದು ವರ್ಷ ಆಯಿತು. ಮತ್ತೆ ಬಂದಾಗ ಇಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಒಲೆಯ ಹಾಗೆ ಹೊಗೆ ಬರುತ್ತಿತ್ತು. ಹೆಡ್ ಬಿಚ್ಚಿ, ಲೈನರಿನ ಮೇಲಂಚಿಗೆ ಉಗುರು ಎಳೆದೆ. ಉಗುರು ಮೆಟ್ಟಿಲಿಗೆ ತಾಗಿದಂತೆ ತಡೆದು ನಿಂತಿತು. ಅಷ್ಟು ಸವೆದಿತ್ತು. ಪಿಸ್ಟನ್ ರಿಂಗುಗಳ ಅಂಚು ಕತ್ತಿಯ ಬಾಯಿಯ ಹಾಗಾಗಿತ್ತು. ಟರ್ಬೊ ಶಾಫ್ಟ್ ಬೆರಳಲ್ಲಿ ಹಿಡಿದರೆ ಅಲ್ಲಾಡುತ್ತಿತ್ತು. ಕಾರಣ ಸಿಕ್ಕಿದ್ದು ಇಂಜಿನ್ನಿನ ಒಳಗಲ್ಲ. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸಿನ ಅಡಿಭಾಗದಲ್ಲಿ, ಕ್ಲಾಂಪಿನ ಪಕ್ಕ, ಕಿರುಬೆರಳಿನ ಉದ್ದದ ಸೀಳು. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಒಳಗೆ ಬೂದು ಬಣ್ಣದ ಪುಡಿ, ಟಾಲ್ಕಂ ಪೌಡರಿನಷ್ಟು ನುಣುಪು. ಮಿಲ್ಲಿನ ಅಂಗಳದ ಹೊಟ್ಟಿನ ಬೂದಿ ಅದು.

ಭತ್ತದ ಹೊಟ್ಟನ್ನು ಬಾಯ್ಲರಿಗೆ ಹಾಕಿ ಸುಟ್ಟಾಗ ಉಳಿಯುವ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿಯದೇ. ಮರಳುಕಾಗದದಿಂದ ಉಜ್ಜಿದ ಹಾಗೆ ಅದು ಲೈನರನ್ನು ಉಜ್ಜುತ್ತದೆ. ಮೊದಲ ಸಲ ಬಂದಾಗಲೇ ಆ ಹೋಸ್ ನೋಡಿದ್ದರೆ ಹೋಸು, ರಿಂಗು, ಇಷ್ಟರಲ್ಲೇ ಮುಗಿಯುತ್ತಿತ್ತು. ದಪ್ಪ ಆಯಿಲ್ ಹಾಕಿ ನಾನು ಇಂಜಿನ್ನಿನ ಬಾಯಿ ಮುಚ್ಚಿಸಿದೆ. ಅದು ಒಂದು ವರ್ಷ ಬೂದಿ ತಿಂದಿತು. ಆ ಮಾಲೀಕರು ಸಾಲ ಮಾಡಿ ಇಂಜಿನ್ ಕೆಲಸ ಮಾಡಿಸಿದರು. ಅವತ್ತಿನಿಂದ ಆಯಿಲ್ ಕುಡಿಯುವ ಗಾಡಿಗೆ ಕಾರಣ ಸಿಗುವವರೆಗೆ ಗ್ರೇಡಿನ ಮಾತೇ ನಾನು ಎತ್ತುವುದಿಲ್ಲ.

ನಿಮ್ಮ ಗಾಡಿಯಲ್ಲಿ ಹೀಗೆ ಹುಡುಕಿ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಕೆಳಗೆ ಹನಿ ಬಿದ್ದಿದೆಯಾ ನೋಡಿ. ಎಷ್ಟೋ ಸಲ ಕುಡಿಯುತ್ತಿದೆ ಅಂದುಕೊಂಡ ಆಯಿಲ್ ಸೋರುತ್ತಿರುತ್ತದೆ. ಹೊಗೆಯ ಬಣ್ಣ ಡ್ರೈವರಿಗೆ ಕೇಳಿ. ಶಿರಾಡಿಯಲ್ಲಿ ಇಂಜಿನ್ ಹಿಡಿತದಲ್ಲಿ ಇಳಿದು ಬಂದು, ಕೆಳಗೆ ಮತ್ತೆ ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ ಒಂದು ನೀಲಿ ಮೋಡ ಎದ್ದು ನಿಂತುಹೋದರೆ ವಾಲ್ವ್ ಗೈಡ್, ಸೀಲ್ ಕಡೆ ಅನುಮಾನ. ವಾಪಸ್ ಬರುವಾಗ ಹತ್ತುವ ಉದ್ದಕ್ಕೂ ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ರಿಂಗು, ಲೈನರ್ ಕಡೆ. ಇಂಟರ್‌ಕೂಲರ್ ಪೈಪ್ ಬಿಚ್ಚಿದರೆ ಒಳಗೆ ಆಯಿಲ್ ಪಸೆ ಸ್ವಲ್ಪ ಇರುವುದು ಸಹಜ. ಬಗ್ಗಿಸಿದರೆ ಸುರಿಯುವಷ್ಟು ಇದ್ದರೆ ಟರ್ಬೊ ಸೀಲ್. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು, ಅಂಗೈ ದೂರ ಹಿಡಿದು ನೋಡಿ. ಗಾಳಿ ಪುಸ್ ಪುಸ್ ಅಂತ ಜೋರಾಗಿ ನೂಕುತ್ತಿದ್ದರೆ ರಿಂಗು ದಾಟಿ ಹೊಗೆ ಕೆಳಗಿಳಿಯುತ್ತಿದೆ. ಅದಕ್ಕೂ ಮೊದಲು ಬ್ರೀದರ್ ಪೈಪ್ ಕಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದು ಕಟ್ಟಿಕೊಂಡರೂ ಆಯಿಲ್ ಸಿಕ್ಕಸಿಕ್ಕಲ್ಲಿ ಹೊರಗೆ ನುಗ್ಗುತ್ತದೆ, ಅದನ್ನು ಬಿಡಿಸಲು ಖರ್ಚೇ ಇಲ್ಲ.

ಇಷ್ಟೆಲ್ಲ ನೋಡಿ, ರಿಂಗು ಲೈನರ್ ಸವೆದಿದೆ ಅಂತ ಖಚಿತವಾಗಿ, ಇಂಜಿನ್ ಕೆಲಸಕ್ಕೆ ದಿನ ಗೊತ್ತು ಮಾಡಿದ್ದರೆ, ಅಲ್ಲಿಯವರೆಗಿನ ಎರಡು ತಿಂಗಳಿಗೆ 20ಡಬ್ಲ್ಯೂ-50 ಹಾಕುವುದಕ್ಕೆ ನನ್ನ ಅಡ್ಡಿಯಿಲ್ಲ. ಹಳೆ ಇಂಜಿನ್ನಿನ ಪುಸ್ತಕದ ಪಟ್ಟಿಯಲ್ಲಿ ಆ ಗ್ರೇಡ್ ಇರಬೇಕು, ಹಳೆ ಗಾಡಿಗೆ ಮಾತ್ರ ಹಾಕಬೇಕು. ಕೆಲಸ ಆದ ಮೇಲೆ ಮತ್ತೆ 15ಡಬ್ಲ್ಯೂ-40. ನಿಮ್ಮ ಮೇಸ್ತ್ರಿಗೂ ಇದನ್ನು ಓದಿ ಹೇಳಿ. ಅವರು ಕೆಟ್ಟದ್ದು ಬಯಸಿ ಹೇಳಿಲ್ಲ, ನಾನೂ ಒಂದು ಕಾಲಕ್ಕೆ ಅದನ್ನೇ ಹೇಳಿದವನು.

ಕ್ಯಾಬಿನ್ನಿನಲ್ಲಿ ಒಂದು ನೋಟ್‌ಬುಕ್ ಇಡಿ. ಆಯಿಲ್ ಹಾಕಿದ ದಿನ, ಮೀಟರ್ ರೀಡಿಂಗ್, ಎಷ್ಟು ಲೀಟರ್, ಇಷ್ಟು ಬರೆದರೆ ಸಾಕು. ಮತ್ತೆ ಈ ವಾರವೇ, ಮುಂದಿನ ಲೋಡಿಗೆ ಮೊದಲು, ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹೋಸನ್ನು ಎರಡೂ ಕಡೆ ಬಿಚ್ಚಿಸಿ. ಒಗೆದ ಬಿಳಿ ಬಟ್ಟೆ ಬೆರಳಿಗೆ ಸುತ್ತಿಕೊಂಡು ಒಳಗೆ ಒರೆಸಿ. ಬಟ್ಟೆಗೆ ಬೂದು ಪುಡಿ ಹತ್ತಿದರೆ ಗಾಡಿ ಕದಲಿಸಬೇಡಿ, ಹೋಸು, ಕ್ಲಾಂಪು, ಫಿಲ್ಟರ್ ಮೂರನ್ನೂ ಬದಲಿಸಿ. ಹೊಸ ಗಾಡಿಯದ್ದನ್ನೂ ಅವತ್ತೇ ಒರೆಸಿ ನೋಡಿ, ಅದೂ ಅದೇ ಮಿಲ್ಲಿನ ಅಂಗಳದಲ್ಲಿ ನಿಲ್ಲುವ ಗಾಡಿ.